ಗೋಡೆಯ ಹುಲಿಯೂ ಬೀದಿಯ ಹೊಂಗೆಯೂ: ಓದುಗರ ಪ್ರಶ್ನೋತ್ತರ

ಪ್ರಶ್ನೆ: ಕೋಲಾರ ನಗರದ ಅಂಚಿನ ಹೊಸ ಬಡಾವಣೆಯೊಂದರಲ್ಲಿ ನಾವು ವಾಸವಾಗಿದ್ದೇವೆ. ಒಂದು ಕಡೆ ಬೆಟ್ಟವಿದೆ, ಇನ್ನೊಂದು ಕಡೆ ಕೆರೆಯಿದೆ. ಆದರೆ ನಮ್ಮ ಮಕ್ಕಳಿಗೆ ಎರಡರ ಪರಿಚಯವೂ ಇಲ್ಲ. ಉದ್ಯಾನದ ಕಾಂಪೌಂಡ್ ಗೋಡೆಯ ಮೇಲೆ ಕಾಡು, ಹುಲಿ, ಜಲಪಾತಗಳ ಚಿತ್ರ ಬರೆಸಿದರೆ ಅವರಲ್ಲಿ ಪ್ರಕೃತಿಯ ಬಗ್ಗೆ ಪ್ರೀತಿ ಮೂಡೀತು ಎಂಬುದು ಸಂಘದ ಹಲವರ ಅಭಿಪ್ರಾಯ. ಇದಕ್ಕಾಗಿ ಸ್ವಲ್ಪ ಹಣವೂ ಕೂಡಿದೆ. ಇದು ಸರಿಯಾದ ದಾರಿಯೇ?
– ನಿವಾಸಿಗಳ ಸಂಘದ ಸದಸ್ಯೆ, ಕೋಲಾರ

ಉತ್ತರ: ಗೋಡೆಗೆ ಚಿತ್ರ ಬರೆಸುವುದರಲ್ಲಿ ತಪ್ಪೇನೂ ಇಲ್ಲ, ಭಿತ್ತಿಪತ್ರ ಅಂಟಿಸುವವರ ಕಾಟವಾದರೂ ಕಡಿಮೆಯಾದೀತು. ಆದರೆ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ, ಕೆರೆಗಳನ್ನು ನಂಬಿಯೇ ಬಾಳಿದ ಸೀಮೆಯಲ್ಲಿ ಗೋಡೆಯ ಮೇಲೆ ಜಲಪಾತ ಧುಮ್ಮಿಕ್ಕಿದರೆ, ಪ್ರಕೃತಿಯೆಂಬುದು ಬೇರೆಲ್ಲೋ ಇದೆ, ರಜೆಯಲ್ಲಿ ಬಸ್ಸು ಹತ್ತಿ ಹೋಗಿ ನೋಡಬೇಕಾದದ್ದು ಎಂಬ ಭಾವನೆಯೇ ಮಕ್ಕಳಲ್ಲಿ ಬಲವಾಗುತ್ತದೆ. ಅದಲ್ಲದೆ ಅಲ್ಲಿ ಚಿತ್ರ ಬರೆಯುವವನು ಕೂಲಿಗೆ ಬಂದ ಕಲಾವಿದ, ನೋಡಿ ಮುಂದೆ ಹೋಗುವವರು ನೀವು. ಕೈಗೆ ಕೆಲಸವಿಲ್ಲದ ಕಡೆ ಕಣ್ಣು ಬಹಳ ಹೊತ್ತು ನಿಲ್ಲುವುದಿಲ್ಲ.

ನನ್ನ ಸಲಹೆ ಇಷ್ಟು: ನಿಮ್ಮ ಬೀದಿಯಲ್ಲಿ ಖಂಡಿತ ಇರುವ ಒಂದು ಹೊಂಗೆಮರವನ್ನು ಆರಿಸಿಕೊಳ್ಳಿ, ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಮಕ್ಕಳು, ಹಿರಿಯರು ಎಲ್ಲರೂ ಅದರ ಕೆಳಗೆ ಕುಳಿತು ಅದನ್ನೇ ಚಿತ್ರಿಸಿ, ಮೂಲೆಯಲ್ಲಿ ದಿನಾಂಕ ಬರೆಯಿರಿ. ಒಂದೇ ಮರವನ್ನು ವರ್ಷವೆಲ್ಲ ಬರೆಯುವುದು ಬೇಸರದ ಕೆಲಸವೆಂದು ತೋರಬಹುದು. ಆದರೆ ಬೇಸಿಗೆಯ ಬಾಗಿಲಲ್ಲಿ ಎಲೆಯುದುರಿಸುವ ಹೊಂಗೆ ಯುಗಾದಿಯ ಹೊತ್ತಿಗೆ ಎಣ್ಣೆ ಸವರಿದಂಥ ಎಳೆಹಸಿರು ತಳೆಯುತ್ತದೆ, ಅನಂತರ ತಿಳಿನೇರಳೆ ಛಾಯೆಯ ಬಿಳಿ ಹೂಗಳನ್ನು ರಸ್ತೆಯ ಮೇಲೆ ಹಾಸುತ್ತದೆ, ಜೇನುನೊಣಗಳನ್ನು ಕರೆಯುತ್ತದೆ, ಆಮೇಲೆ ಚಪ್ಪಟೆಯಾದ ಕಾಯಿ ಬಿಡುತ್ತದೆ. ಬಲಿತ ಎಲೆಯೊಂದನ್ನು ಕಿತ್ತು ಬೆಳಕಿಗೆ ಹಿಡಿದರೆ ಅದರ ಮೇಲೆ ಅಂಕುಡೊಂಕಾದ ಬಿಳಿಗೆರೆಗಳು ಕಾಣುತ್ತವೆ. ಎಲೆಯ ಎರಡು ಪದರಗಳ ನಡುವೆ ಮೇಯುತ್ತಾ ಸಾಗಿದ ಸಣ್ಣ ಹುಳುವಿನ ಹಾದಿ ಅದು. ಹುಳು ಬೆಳೆದಂತೆ ಗೆರೆ ಅಗಲವಾಗುವುದನ್ನು ಪೆನ್ಸಿಲಿನಲ್ಲಿ ಹಿಂಬಾಲಿಸಿದ ಮಗುವಿಗೆ ಆ ಎಲೆಯನ್ನು ಮತ್ತೆ ಬರಿಯ ಹಸಿರು ಬಣ್ಣವಾಗಿ ನೋಡಲು ಸಾಧ್ಯವಾಗುವುದಿಲ್ಲ.

ದಯವಿಟ್ಟು ಇದನ್ನು ಸ್ಪರ್ಧೆಯಾಗಿಸಬೇಡಿ. ಪ್ರಥಮ, ದ್ವಿತೀಯ, ಸಮಾಧಾನಕರ ಬಹುಮಾನವೆಂದು ಘೋಷಿಸಿದ ಕೂಡಲೇ ಮಕ್ಕಳು ಎರಡು ತ್ರಿಕೋನದ ಬೆಟ್ಟ, ನಡುವೆ ಸೂರ್ಯ, ಪಕ್ಕದಲ್ಲೊಂದು ಗುಡಿಸಲು ಮತ್ತು ತೆಂಗಿನಮರಕ್ಕೆ ಮರಳುತ್ತಾರೆ. ತಲೆಯೆತ್ತಿದರೆ ಕಾಣುವ ಶತಶೃಂಗ ಬೆಟ್ಟಸಾಲಿನಲ್ಲಿ ಅಂಥ ಒಂದು ತ್ರಿಕೋನವೂ ಇಲ್ಲ. ಅಲ್ಲಿರುವುದು ಒಂದರ ಮೇಲೊಂದು ಕುಳಿತ ಗುಂಡುಬಂಡೆಗಳು, ಅವುಗಳ ಸಂದಿಯ ಕುರುಚಲು ಗಿಡಗಳು. ಕಂಡದ್ದನ್ನು ಬರೆಯಲು ಹೇಳಬೇಕೇ ಹೊರತು ಚೆಂದವಾಗಿ ಬರೆಯಲು ಹೇಳಬಾರದು.

ಬಣ್ಣವನ್ನೂ ಅಂಗಡಿಯಿಂದಲೇ ತರಬೇಕಾಗಿಲ್ಲ. ನಿಮ್ಮ ಸೀಮೆಯ ಕೆಮ್ಮಣ್ಣನ್ನು ನೀರಿನಲ್ಲಿ ಕಲಕಿ, ಮರಳು ತಳಕ್ಕಿಳಿದ ಮೇಲೆ ಮೇಲಿನ ಕೆಂಪು ನೀರನ್ನು ಬಟ್ಟೆಯಲ್ಲಿ ಸೋಸಿ, ಅದು ತಿಳಿಯಾಗಿ ಅಡಿಯಲ್ಲಿ ನಿಂತ ನುಣುಪಾದ ಮಣ್ಣನ್ನು ಒಣಗಿಸಿಕೊಳ್ಳಿ. ನೆನೆಸಿ ಕರಗಿಸಿದ ಜಾಲಿಯ ಗೋಂದಿನೊಡನೆ ಅದನ್ನು ಅರೆದರೆ ಒಳ್ಳೆಯ ಜಲವರ್ಣ ಸಿದ್ಧವಾಗುತ್ತದೆ. ಅಂಗಡಿಯ ಜಲವರ್ಣವನ್ನು ಕಾಗದಕ್ಕೆ ಅಂಟಿಸುವುದೂ ಜಾಲಿಯ ಜಾತಿಯ ಮರಗಳ ಗೋಂದೇ. ಕೆರೆಯ ಗೋಡುಮಣ್ಣು ಬೂದುಬಣ್ಣ ಕೊಡುತ್ತದೆ, ಇದ್ದಿಲು ಕಪ್ಪು ಕೊಡುತ್ತದೆ. ಅರಿಸಿನ ಚೆನ್ನಾಗಿ ಹತ್ತುತ್ತದೆಯಾದರೂ ಬಿಸಿಲು ಬಿದ್ದರೆ ಬೇಗ ಮಾಸುವುದರಿಂದ ಅದನ್ನು ನಂಬಬೇಡಿ. ಬಣ್ಣ ಮಾಡುವ ನೆಪದಲ್ಲಿ ಮಕ್ಕಳು ಕೆರೆಯಂಗಳಕ್ಕೆ ಹೋಗುತ್ತಾರೆ, ಗೋಡು ಎಲ್ಲಿ ನಿಲ್ಲುತ್ತದೆ, ನೀರು ಯಾವ ಕಡೆಯಿಂದ ಬರುತ್ತದೆ ಎಂದು ಕೇಳುತ್ತಾರೆ. ಆಗ ರಾಜಕಾಲುವೆ, ತೂಬು, ಕೋಡಿಗಳನ್ನು ತೋರಿಸಲು ಅಲ್ಲಿಯೇ ಕುರಿ ಮೇಯಿಸುವ ಹಿರಿಯರೊಬ್ಬರನ್ನು ಕೇಳಿಕೊಳ್ಳಿ. ಗೋಡೆಗೆಂದು ಕೂಡಿಸಿದ ಹಣದಲ್ಲಿ ಅವರಿಗೆ ಗೌರವಧನ ಕೊಡಿ.

ಒಂದು ಎಚ್ಚರಿಕೆಯ ಮಾತು. 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಜಿಲ್ಲೆಯ ಅನೇಕ ಕೆರೆಗಳಿಗೆ ಹರಿಯುತ್ತಿದೆ. ಎರಡು ಹಂತಗಳಲ್ಲಿ ಸಂಸ್ಕರಿಸಿದ ಆ ನೀರು ಅಂತರ್ಜಲ ಮರುಪೂರಣಕ್ಕಾಗಿ ಬಂದದ್ದೇ ಹೊರತು ಮಕ್ಕಳು ಆಡಲೆಂದಲ್ಲ. ನಿಮ್ಮದು ಅಂಥ ಕೆರೆಯಾಗಿದ್ದರೆ ಮಣ್ಣನ್ನು ಅಲ್ಲಿಂದ ತರದೆ, ಆ ನೀರು ಸೇರದ ಕುಂಟೆಯೊಂದರ ಒಣಗಿದ ಅಂಚಿನಿಂದ ತನ್ನಿ. ಈ ವಿಷಯವನ್ನು ಮಕ್ಕಳಿಂದ ಮುಚ್ಚಿಡುವ ಅಗತ್ಯವೂ ಇಲ್ಲ. ತಮ್ಮ ಕೆರೆಯ ನೀರು ಎಲ್ಲಿಂದ ಬಂತೆಂದು ನಕ್ಷೆ ಬರೆಯುವುದು ಹುಲಿ ಬರೆಯುವುದಕ್ಕಿಂತ ಕುತೂಹಲದ ಕೆಲಸ.

ಪ್ರಶ್ನೆ: ಕಲೆಯ ಮೂಲಕ ಪ್ರಕೃತಿಯ ಹತ್ತಿರ ಹೋಗುವುದೆಲ್ಲ ದೊಡ್ಡ ನಗರದವರ ಹವ್ಯಾಸವಲ್ಲವೇ? ನಮ್ಮ ಕಡೆ ಇಂಥದ್ದಕ್ಕೆ ಬೇರುಗಳಿವೆಯೇ?
– ಕಾಲೇಜು ವಿದ್ಯಾರ್ಥಿ, ಚಿಂತಾಮಣಿ

ಉತ್ತರ: ಬೇರುಗಳು ನಿಮ್ಮ ಕಡೆಯೇ ಹೆಚ್ಚಾಗಿವೆ. ಮಳೆ ಕೈಕೊಟ್ಟ ವರ್ಷ ಮಣ್ಣಿನಲ್ಲಿ ಮಳೆರಾಯನನ್ನು ಮಾಡಿ, ಹಲಗೆಯ ಮೇಲಿಟ್ಟು, ಹುಡುಗನೊಬ್ಬನ ತಲೆಗೆ ಹೊರಿಸಿ ಮನೆಮನೆಯ ಮುಂದೆ ಹಾಡುತ್ತಾ ಹೋಗುವುದು, ಮನೆಯವರು ಅವನ ಮೇಲೆ ಬಿಂದಿಗೆ ನೀರು ಸುರಿಯುವುದು, ಇವೆಲ್ಲ ಶಿಲ್ಪ, ಸಂಗೀತ, ಅಭಿನಯ ಮೂರೂ ಕೂಡಿದ ಬೀದಿಯ ಕಲೆಯೇ. 2021ರ ನವೆಂಬರ್ ಮಳೆಗೆ ಬಹುಕಾಲದ ಮೇಲೆ ಕೆರೆಗಳು ಕೋಡಿಬಿದ್ದಾಗ ಊರೂರಲ್ಲಿ ಗಂಗಮ್ಮನಿಗೆ ಪೂಜೆ ಸಂದದ್ದು ನಿಮಗೂ ನೆನಪಿರಬಹುದು. ನಿಮ್ಮ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ತಂದುಕೊಟ್ಟ ತಮಟೆಯನ್ನೇ ನೋಡಿ: ಗಾಳಿಯಲ್ಲಿ ತೇವ ಹೆಚ್ಚಿದರೆ ಅದರ ಚರ್ಮ ಸಡಿಲವಾಗುತ್ತದೆ, ಹುಲ್ಲಿನ ಬೆಂಕಿಗೆ ಹಿಡಿದು ಬಿಗಿ ಮಾಡಿಕೊಳ್ಳದೆ ಅದು ನುಡಿಯುವುದಿಲ್ಲ.

ಈಚಿನ ಕಾಲದ ಉದಾಹರಣೆ ಬೇಕಾದರೆ ಕೋಲಾರದ ತೇರಹಳ್ಳಿ ಬೆಟ್ಟದ ಮೇಲಿನ ‘ಆದಿಮ’ ಇದೆ. ಕವಿ, ನಾಟಕಕಾರ ಕೋಟಿಗಾನಹಳ್ಳಿ ರಾಮಯ್ಯನವರೂ ಅವರ ಗೆಳೆಯರೂ ಕಟ್ಟಿದ ಆ ಸಾಂಸ್ಕೃತಿಕ ಕೇಂದ್ರ ‘ಹುಣ್ಣಿಮೆ ಹಾಡು’ ಎಂಬ ಹೆಸರಿನಲ್ಲಿ ವರ್ಷಗಟ್ಟಲೆ ಹುಣ್ಣಿಮೆಯ ರಾತ್ರಿಗಳಂದು ಬಂಡೆಗಳ ನಡುವೆ ಹಾಡು, ನಾಟಕಗಳನ್ನು ನಡೆಸಿಕೊಂಡು ಬಂದಿತು. ಕಾರ್ಯಕ್ರಮದ ದಿನವನ್ನು ಸಭಾಂಗಣದ ಬುಕಿಂಗ್ ನೋಡಿ ಗೊತ್ತುಮಾಡದೆ ಚಂದ್ರನನ್ನು ನೋಡಿ ಗೊತ್ತುಮಾಡಿದ್ದು ಸಣ್ಣ ಸಂಗತಿಯಲ್ಲ. ಊರಿನಿಂದ ನಾಟಕಕ್ಕೆಂದು ಬೆಟ್ಟ ಹತ್ತಿ ಬಂದವರು ಗಾಳಿ, ಚಳಿ, ಬೆಳದಿಂಗಳುಗಳನ್ನೂ ನಾಟಕದೊಂದಿಗೆ ಅನುಭವಿಸಬೇಕಾಗಿತ್ತು. ದೊಡ್ಡ ನಗರದವರೇ ಇದನ್ನು ನೋಡಿ ಕಲಿಯಬಹುದು.

ಪ್ರಶ್ನೆ: ನಮ್ಮ ಬೆಟ್ಟದ ಮೇಲಿನ ಚಿಲುಮೆ, ದೇವಾಲಯಗಳ ತಾಣವಾದ ಅಂತರಗಂಗೆಯ ಬಳಿ ಸಂಜೆಯ ಸಂಗೀತ ಕಾರ್ಯಕ್ರಮ ಮಾಡುವ ಆಲೋಚನೆಯಿದೆ. ಏನೇನು ಗಮನಿಸಬೇಕು?
– ಯುವಕ ಸಂಘ, ಕೋಲಾರ

ಉತ್ತರ: ಮೊದಲು ಅರಣ್ಯ ಇಲಾಖೆಯ ಮತ್ತು ದೇವಾಲಯದವರ ಅನುಮತಿ ಪಡೆಯಿರಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವುದನ್ನು ಕಾನೂನು ನಿರ್ಬಂಧಿಸಿದೆ. ಬಂಡೆಗಳಿಂದ ಪ್ರತಿಧ್ವನಿ ಬರುವ ಅಂಥ ಜಾಗದಲ್ಲಿ ಹಗಲಿನಲ್ಲೂ ಧ್ವನಿವರ್ಧಕ ಬೇಡವೆಂದೇ ನನ್ನ ಅಭಿಪ್ರಾಯ. ಕಲ್ಲಿನ ಬಸವನ ಬಾಯಿಂದ ಬೀಳುವ ನೀರಿನ ಸದ್ದನ್ನು ಕೇಳಗೊಡದ ಸಂಗೀತವನ್ನು ಅಲ್ಲಿಗೇ ಕೊಂಡೊಯ್ದು ಮಾಡಬೇಕಾದ ಕಾರಣವೇನು? ತಂಬೂರಿ, ಕೊಳಲು, ತತ್ವಪದ ಸಾಕು. ಕೇಳುಗರನ್ನು ಮೆಟ್ಟಿಲುಗಳ ಮೇಲೆ ಹತ್ತಿರ ಕೂರಿಸಿ. ತಿಂಡಿಯನ್ನು ಮಾತ್ರ ಬೆಟ್ಟದ ಕೆಳಗೇ ಹಂಚಿರಿ, ಏಕೆಂದರೆ ಅಲ್ಲಿನ ಕೋತಿಗಳು ಕಾರ್ಯಕ್ರಮ ಮುಗಿಯುವವರೆಗೆ ಕಾಯುವುದಿಲ್ಲ.