ಬರೀ ಕೊಬ್ಬಾದ್ರೆ ನೋವಾಗತ್ತಾ ಮೇಡಂ?

ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಇಂಥವರು ಪದೇ ಪದೇ ಬರುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಆಕೆಗೆ 34 ವರ್ಷ, ಟೀಚರ್. ನನ್ನ ಹತ್ತಿರ ಸಲಹೆಗೆ ಕಳಿಸಿದ್ದು ಗಂಡನ ಮನೆಯವರು. "ಕದ್ದು ತಿಂತಾಳೆ, ನೀವಾದ್ರೂ ಬುದ್ಧಿ ಹೇಳಿ" ಅಂತ. ನಿಜ ಹೇಳಬೇಕೆಂದರೆ ಒಂದು ವರ್ಷದಿಂದ ಆಕೆ ರಾತ್ರಿ ಊಟವನ್ನೇ ಬಿಟ್ಟಿದ್ದರು. ಮುಖ ಬತ್ತಿತ್ತು, ರವಿಕೆಯನ್ನು ಎರಡು ಸಲ ಹಿಡಿಸಿದ್ದರು. ಸೊಂಟದಿಂದ ಕೆಳಗೆ ಮಾತ್ರ ಏನೂ ಇಳಿದಿರಲಿಲ್ಲ.

ಮೊದಲ ಎರಡು ಭೇಟಿಯಲ್ಲಿ ನಾನೂ ಊಟದ ಬಗ್ಗೆಯೇ ಕೇಳಿದೆ. ಅದು ತಪ್ಪಾಯಿತು.

ಮೂರನೇ ಸಲ ಮಾತು ನಾಲ್ಕು ವರ್ಷದ ಮಗಳ ಕಡೆ ಹೋಯಿತು. "ತೊಡೆ ಮೇಲೆ ಹತ್ತಿದ್ರೆ ತಳ್ಳಿಬಿಡ್ತೀನಿ ಮೇಡಂ, ಅಷ್ಟು ನೋಯತ್ತೆ" ಅಂದು ಅತ್ತರು. ಕಣ್ಣೊರೆಸಿಕೊಂಡು ಕೇಳಿದರು, "ಬರೀ ಕೊಬ್ಬಾದ್ರೆ ನೋವಾಗತ್ತಾ?"

ಕಾಲು ತೋರಿಸ್ತೀರಾ ಅಂದೆ. ಸೀರೆ ಸ್ವಲ್ಪ ಎತ್ತಿದರು. ಎರಡೂ ಕಾಲು ಒಂದೇ ಥರ ದಪ್ಪ, ಎಲ್ಲಿ ತಾಗಿತೆಂದೇ ಗೊತ್ತಿಲ್ಲದ ನೀಲಿ ಕಲೆಗಳು. ಆ ದಪ್ಪ ಕಾಲ್ಗೆಜ್ಜೆ ಕೂರುವ ಜಾಗಕ್ಕೆ ಬಂದು, ಬಳೆ ತೊಡಿಸಿದ ಹಾಗೆ ನಿಂತುಬಿಟ್ಟಿತ್ತು. ಕೆಳಗೆ ಪಾದ ಸಣ್ಣಗೆ, ಹುಡುಗಿಯ ಪಾದದ ಹಾಗೆ. "ಚಪ್ಪಲಿ ಈಗ್ಲೂ ಐದನೇ ನಂಬರೇ. ದೊಡ್ಡವಳಾದಾಗಿಂದ ಕಾಲು ಹೀಗೇ, ಹೆರಿಗೆ ಆದ್ಮೇಲೆ ಜಾಸ್ತಿ ಆಯ್ತು. ನಮ್ಮಮ್ಮಂದೂ ಹೀಗೇ."

ಇದು ಲಿಪಿಡೀಮಾ, ಅಂದರೆ ಕಾಲುಗಳಲ್ಲಿ ನೋಯುವಂಥ ಕೊಬ್ಬು ತುಂಬಿಕೊಳ್ಳುವ ಕಾಯಿಲೆ, ಇರಬಹುದು ಅನ್ನಿಸಿತು. 1940ರಲ್ಲೇ ಅಮೆರಿಕದ ಮೇಯೋ ಕ್ಲಿನಿಕ್‌ನ ಇಬ್ಬರು ವೈದ್ಯರು ಇದಕ್ಕೆ ಹೆಸರಿಟ್ಟರು. ಹೆಚ್ಚುಕಡಿಮೆ ಹೆಂಗಸರಿಗೆ ಮಾತ್ರ ಬರುತ್ತದೆ. ಓರಗಿತ್ತಿ ಆನೆಕಾಲು ಅಂತ ಪಿಸುಗುಟ್ಟಿದ್ದರಂತೆ. ಆನೆಕಾಲಾದರೆ ಪಾದವೂ ಊದುತ್ತದೆ, ಸಾಮಾನ್ಯವಾಗಿ ಒಂದು ಕಾಲು ಇನ್ನೊಂದಕ್ಕಿಂತ ದಪ್ಪ ಇರುತ್ತದೆ.

ನಾನು ಡಾಕ್ಟರಲ್ಲ. ಕಂಡದ್ದನ್ನೆಲ್ಲ ಚೀಟಿಯಲ್ಲಿ ಬರೆದು ರಕ್ತನಾಳದ ಡಾಕ್ಟರ ಹತ್ತಿರ ಕಳಿಸಿದೆ. ನಾವು ಕಾಯಿಲೆಯ ಹೆಸರು ಎತ್ತಬಾರದು ಅಂತ ಸಹೋದ್ಯೋಗಿಯೊಬ್ಬರು ಬೇಸರ ಮಾಡಿಕೊಂಡರು. ಎತ್ತಬೇಕು ಅಂತಲೇ ನನ್ನ ವಾದ. ಹಸಿದುಕೊಂಡೇ ಇರುವವರಿಗೆ ಬಾಯಿ ಕಟ್ಟಿ ಅಂತ ಹೇಳಿ ಕಳಿಸಿದ್ದರೆ, ಮನೆಯವರು ಹೊರಿಸಿದ ಆರೋಪಕ್ಕೆ ನಾನೂ ದನಿಗೂಡಿಸಿದ ಹಾಗೆ ಆಗುತ್ತಿರಲಿಲ್ವಾ?

ಡಾಕ್ಟರು ಪರೀಕ್ಷಿಸಿ ಲಿಪಿಡೀಮಾ ಅಂತಲೇ ಹೇಳಿದರು. ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ, ಆದರೆ ನೋವು ತಗ್ಗಿಸಬಹುದು. ಅಳತೆ ಕೊಟ್ಟು ಮಾಡಿಸಿದ ಬಿಗಿ ಸ್ಟಾಕಿಂಗ್ಸ್, ನೀರಿನೊಳಗೆ ನಡೆಯುವುದು, ಈಜು. ಕೆಲವರಿಗೆ ಲೈಪೋಸಕ್ಷನ್ (ಕೊಬ್ಬನ್ನು ಹೀರಿ ತೆಗೆಯುವ ಆಪರೇಷನ್) ಕೂಡ ಮಾಡುತ್ತಾರೆ. ತೂಕ ಏರಿದರೆ ಕಷ್ಟ ಜಾಸ್ತಿ, ಹಾಗಂತ ಉಪವಾಸ ಬಿದ್ದರೆ ಕಾಲು ಕರಗುವುದಿಲ್ಲ. ದಯವಿಟ್ಟು ನೀರಿಳಿಸುವ ಮಾತ್ರೆಯನ್ನು ಸುಮ್ನೆ ತಂದು ನುಂಗಬೇಡಿ, ಅಲ್ಲಿ ತುಂಬಿರುವುದು ಕೊಬ್ಬು.

ಗಂಡನನ್ನು ಕರೆಸಿ ಹೆಂಡತಿಯ ತಟ್ಟೆ ಕಾಯುವುದನ್ನು ಇವತ್ತಿಂದಲೇ ನಿಲ್ಲಿಸಿ ಅಂದೆ. ಅವರು ತುಂಬ ಹೊತ್ತು ಮಾತಾಡಲಿಲ್ಲ.

ಆಕೆ ಈಗ ರಾತ್ರಿ ಮುದ್ದೆ ಉಣ್ಣುತ್ತಾರೆ. ಈಜುಕೊಳಕ್ಕೆ ಹೋಗಲು ಇನ್ನೂ ನಾಚಿಕೆ, ಹೆಂಗಸರ ಬ್ಯಾಚ್ ಹುಡುಕುತ್ತಿದ್ದೇವೆ. ಮಗಳನ್ನು ಪಕ್ಕದಲ್ಲಿ ಒರಗಿಸಿಕೊಂಡು ಕಥೆ ಹೇಳುತ್ತಾರಂತೆ. ಮುಂದಿನ ತಿಂಗಳು ಅಮ್ಮನ ಕಾಲನ್ನೂ ಡಾಕ್ಟರಿಗೆ ತೋರಿಸ್ತೀನಿ ಅಂದಿದ್ದಾರೆ.