ಕಂತಿನ ಮಾತು ಬಿಡಿ, ಅವಧಿ ಎಷ್ಟಾಗಿದೆ ನೋಡಿ

ಹೋಮ್ ಲೋನ್ ಬಗ್ಗೆ ವಾರಾವಾರ ಅದದೇ ಪ್ರಶ್ನೆ ಬರ್ತಿದೆ. ಈ ಸಲ ಒಟ್ಟಿಗೇ ಮುಗಿಸ್ತೀನಿ.

ಪ್ರ: 2021ರಲ್ಲಿ 20 ವರ್ಷಕ್ಕೆ 50 ಲಕ್ಷ ಸಾಲ ತಗೊಂಡೆ. ತಪ್ಪದೇ ಕಟ್ತಿದ್ರೂ ಅಸಲು ಅಲ್ಲಾಡ್ತಿಲ್ಲ. ಈಗ ಕಂಪನೀಲಿ ಲೇಆಫ್ ಬೇರೆ. ಬ್ಯಾಂಕ್‌ನೋರು ಮೋಸ ಮಾಡಿದಾರಾ?

ಉ: ಮೋಸ ಅಲ್ಲ ಸ್ವಾಮಿ, ನೀವು ಸ್ಟೇಟ್‌ಮೆಂಟ್ ತೆಗ್ದು ನೋಡಿಲ್ಲ ಅಷ್ಟೇ. 2022ರ ಏಪ್ರಿಲ್‌ನಲ್ಲಿ ರೆಪೊ, ಅಂದ್ರೆ ಆರ್‌ಬಿಐ ಬ್ಯಾಂಕ್‌ಗಳಿಗೆ ಸಾಲ ಕೊಡೋ ಬಡ್ಡಿ ದರ, ಶೇ. 4 ಇತ್ತು, 2023ರ ಫೆಬ್ರವರಿಗೆ 6.5 ಆಯ್ತು, ನಿಮ್ಮದು ಫ್ಲೋಟಿಂಗ್, ಅಂದ್ರೆ ರೆಪೊ ಜೊತೆ ಏರಿಳಿಯೋ ಬಡ್ಡಿ, ಅದೂ ಹಿಂದೇನೇ ಏರ್ತು, ಆದ್ರೆ ಕಂತು ಏರಿಸಿದ್ರೆ ನೀವು ಜಗಳಕ್ಕೆ ಬರ್ತೀರ ಅಂತ ಬ್ಯಾಂಕ್‌ನೋರು ಸದ್ದಿಲ್ದೆ ಅವಧಿ ಎಳೀತಾರೆ. ಲೆಕ್ಕ ನೋಡಿ. ಶೇ. 7ಕ್ಕೆ 50 ಲಕ್ಷದ ಕಂತು ಸುಮಾರು 38,765. ರೇಟು 9 ಆದ್ರೆ 50 ಲಕ್ಷಕ್ಕೆ ತಿಂಗಳ ಬಡ್ಡಿನೇ 37,500, ಅಸಲಿಗೆ ಸೇರೋದು 1,265 ರೂಪಾಯಿ! ಅದೇ ಕಂತಲ್ಲಿ ಹೋದ್ರೆ 20 ವರ್ಷದ ಸಾಲ 38 ವರ್ಷಕ್ಕೆ ಎಳೆಯುತ್ತೆ, ಅಷ್ಟೊತ್ತಿಗೆ ನೀವು ರಿಟೈರ್ ಆಗಿರ್ತೀರ.

ಕಂತು ಏರಿಸೋದಾ ಅವಧಿ ಎಳೆಯೋದಾ ಅಂತ ಗ್ರಾಹಕರನ್ನ ಕೇಳ್ಬೇಕು ಅಂತ ಆರ್‌ಬಿಐ 2023ರ ಆಗಸ್ಟ್‌ನಲ್ಲೇ ಹೇಳಿದೆ. ಉಳಿದ ಕಂತೆಷ್ಟು, ಈಗಿನ ರೇಟೆಷ್ಟು ಅಂತ ಬ್ರಾಂಚ್‌ಗೆ ಮೇಲ್ ಮಾಡಿ. 2025ರಲ್ಲಿ ರೆಪೊ 5.25ಕ್ಕೆ ಇಳಿದಿದೆ, ನಿಮ್ಮ ರೇಟು ಅಷ್ಟು ಇಳಿದಿಲ್ಲ ಅಂದ್ರೆ ಕನ್ವರ್ಷನ್ ಫೀ (ರೇಟು ಬದಲಿಸೋಕೆ ಬ್ಯಾಂಕ್ ತಗೊಳ್ಳೋ ಶುಲ್ಕ) ಕಟ್ಟಿ ಇಳಿಸ್ಕೊಳ್ಳಿ, ಒಪ್ಪಲಿಲ್ಲ ಅಂದ್ರೆ ಬೇರೆ ಬ್ಯಾಂಕಿಗೆ ಟ್ರಾನ್ಸ್‌ಫರ್ ಮಾಡಿಸಿ. ಬೋನಸ್ ಬಂದಾಗ ಅಸಲಿಗೆ ಹಾಕಿ ಅಂತ ನಾನು ಎಲ್ರಿಗೂ ಹೇಳ್ತೀನಿ, ಫ್ಲೋಟಿಂಗ್‌ಗೆ ದಂಡ ಇಲ್ಲ. ಆದ್ರೆ ಕೆಲಸ ಅಲ್ಲಾಡ್ತಿರೋ ನಿಮಗೆ ಹೇಳಲ್ಲ, ಆರು ತಿಂಗಳ ಕಂತು ಕೈಲಿಟ್ಕೊಳ್ಳಿ. ಕೆಲಸ ಹೋದ್ರೆ ಮೊದಲ ಕಂತು ತಪ್ಪೋ ಮುಂಚೆನೇ ಮ್ಯಾನೇಜರ್ ಎದುರು ಕೂತ್ಕೊಂಡು ಮಾತಾಡಿ. ಬಾಕಿ 90 ದಿನ ದಾಟಿದ್ರೆ ಎನ್‌ಪಿಎ, ಅಂದ್ರೆ ಕೆಟ್ಟ ಸಾಲ, ಆಮೇಲೆ ಕೋರ್ಟಿಗೆ ಹೋಗದೇನೇ ಬ್ಯಾಂಕ್ ಮನೆ ವಶ ಮಾಡ್ಕೊಳ್ಳೋಕೆ ಬಿಡೋ ಸರ್ಫೇಸಿ ಕಾಯ್ದೆಯ 60 ದಿನದ ನೋಟಿಸ್, ಆಗ ಬಂದು ನನ್ನ ಕೇಳಿದ್ರೆ ನಾನೇನು ಮಾಡ್ಲಿ?

ಪ್ರ: ಟ್ಯಾಕ್ಸ್ ಉಳಿಯುತ್ತೆ, ಸಾಲ ತೀರಿಸ್ಬೇಡ ಅಂತಾರೆ?

ಉ: ವಾಸದ ಮನೆ ಬಡ್ಡಿಗೆ ಹೊಸ ರೆಜಿಮಲ್ಲಿ (ಹೊಸ ತೆರಿಗೆ ಪದ್ಧತೀಲಿ) ವಿನಾಯ್ತಿನೇ ಇಲ್ಲ. ಹಳೇದ್ರಲ್ಲೂ 2 ಲಕ್ಷ ಬಡ್ಡಿ ಕಟ್ಟಿ, ಶೇ. 30ರ ತೆರಿಗೆ ಸ್ಲ್ಯಾಬಲ್ಲಿದ್ರೂ ಅರವತ್ತು ಸಾವಿರ ಚಿಲ್ಲರೆ ಉಳಿಸೋದು ಯಾವ ಜಾಣತನ?

ಪ್ರ: ಕಂತಿಗೆ ಕ್ರೆಡಿಟ್ ಕಾರ್ಡ್ ಉಜ್ಜಬಹುದಾ?

ಉ: ಬೇಡ.

ಪ್ರ: ಇಎಂಐ ನಿಲ್ಸಿ, ನಾವು ಸೆಟಲ್ ಮಾಡಿಸ್ತೀವಿ ಅಂತ ಒಬ್ರು ಫೋನ್ ಮಾಡ್ತಿದಾರೆ.

ಉ: ಅವ್ರಿಗೆ ಬೇಕಿರೋದು ಫೀಸು, ಹೋಗೋದು ನಿಮ್ಮ ಮನೆ. ನಂಬರ್ ಬ್ಲಾಕ್ ಮಾಡಿ.