‘ಬಿಂಟಿ’ ಕಿರುಕಾದಂಬರಿಯ ನಾಯಕಿ ಮೈಗೆ ಕೆಮ್ಮಣ್ಣು ಬಳಿದುಕೊಳ್ಳುವುದೇಕೆ?

ನ್ನೆಡಿ ಒಕೊರಾಫೋರ್ ಅವರ ಈ ವೈಜ್ಞಾನಿಕ ಕಿರುಕಾದಂಬರಿ 2015ರಲ್ಲಿ ಪ್ರಕಟವಾಯಿತು. ಗಣಿತದಲ್ಲಿ ನುರಿತ 16 ವರ್ಷದ ಬಿಂಟಿ ಹಿಂಬಾ ಸಮುದಾಯದವಳು. ಅನ್ಯಗ್ರಹದ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಾಗ, ಮನೆಯವರಿಗೆ ತಿಳಿಸದೆ, ಬೆಳಕು ಹರಿಯುವ ಮೊದಲೇ ಹೊರಟುಬಿಡುತ್ತಾಳೆ. ನಮೀಬಿಯಾದ ಹಿಂಬಾ ಹೆಂಗಸರು ಇಂದಿಗೂ ಕೆಮ್ಮಣ್ಣಿನ ಪುಡಿಯನ್ನು ಬೆಣ್ಣೆಯ ಜಿಡ್ಡಿನಲ್ಲಿ ಕಲಸಿ ಮೈಗೂ ಜಡೆಗೂ ಬಳಿದುಕೊಳ್ಳುತ್ತಾರೆ. ಒಟ್ಜಿಜೆ ಎಂಬ ಈ ಲೇಪವು ಬಿಸಿಲಿನಿಂದ ಚರ್ಮವನ್ನು ಕಾಯುತ್ತದೆ, ನೀರು ಅಪರೂಪವಾದ ಸೀಮೆಯಲ್ಲಿ ಮೈಯನ್ನು ಶುಚಿಯಾಗಿಡುತ್ತದೆ. ಬಿಂಟಿಯ ಪಾಲಿಗಂತೂ ಅದು ಮೈಮೇಲೆ ಹೊತ್ತೊಯ್ಯುವ ಊರು.

ನಿಲ್ದಾಣದ ಸಾಲಿನಲ್ಲಿ ಹಿಂದೆ ನಿಂತ ಹೆಂಗಸೊಬ್ಬಳು, ಒಂದು ಮಾತೂ ಕೇಳದೆ, ಅವಳ ಜಡೆಯನ್ನು ಹಿಡಿದು, ಬೆರಳು ಮೂಸಿ, ಮಲ್ಲಿಗೆಯ ಪರಿಮಳವಿದೆಯೆಂದು ಅಚ್ಚರಿಪಡುತ್ತಾಳೆ. ಇಡೀ ಕೃತಿಯಲ್ಲಿ ನನ್ನನ್ನು ಹೆಚ್ಚು ನೋಯಿಸಿದ ಪುಟ ಇದು. ಹಾಸನದ ಕಡೆಯ ಹಳ್ಳಿಯಿಂದ ಬಂದು ಬೆಂಗಳೂರಿನ ವಿಜಯನಗರದ ಪಿಜಿಯೊಂದರಲ್ಲಿದ್ದಾಗ, ಅಮ್ಮ ಕಳಿಸಿದ ಹರಳೆಣ್ಣೆಯನ್ನು ನಾನು ತಲೆಗೆ ಹಚ್ಚಿದೊಡನೆ ಕೊಠಡಿಯ ಗೆಳತಿಯರು ಕಿಟಕಿ ತೆರೆಯುತ್ತಿದ್ದರು. ಒಂದು ತಿಂಗಳಲ್ಲಿ ನಾನು ಹಚ್ಚುವುದನ್ನೇ ಬಿಟ್ಟೆ. ಬಿಂಟಿ ಬಿಡುವುದಿಲ್ಲ.

ಆ ಲೇಪವೇ ಮುಂದೆ ಕಥೆಯ ದೊಡ್ಡ ತಿರುವಿಗೂ ಕಾರಣವಾಗುತ್ತದೆ. ಅದು ಹೇಗೆಂಬುದನ್ನು ದಯವಿಟ್ಟು ಓದಿಯೇ ತಿಳಿಯಿರಿ. ಪುಸ್ತಕ ಚಿಕ್ಕದು, ಒಂದು ಭಾನುವಾರ ಸಾಕು.